ಶತಶೃಂಗದ ಅಂತರಗಂಗೆ

ಕೋಲಾರ ಪಟ್ಟಣದ ಪಶ್ಚಿಮಕ್ಕೆ ಬಂಡೆಯ ಮೇಲೆ ಬಂಡೆ ಪೇರಿಸಿದಂತೆ ಎದ್ದು ನಿಂತಿರುವ ಬೆಟ್ಟಸಾಲಿಗೆ ಶತಶೃಂಗ ಪರ್ವತವೆಂದು ಹೆಸರು. ಊರಿನವರ ಬಾಯಲ್ಲಿ ಅದು ಅಂತರಗಂಗೆ ಬೆಟ್ಟ. ಮೇಲಿನ ಹಳ್ಳಿಯ ಹೆಸರು ಹಿಡಿದು ತೇರಹಳ್ಳಿ ಬೆಟ್ಟ ಎನ್ನುವವರೂ ಇದ್ದಾರೆ. ಈ ಬೆಟ್ಟದ ಮಗ್ಗುಲಲ್ಲಿ, ಕುರುಚಲು ಕಾಡಿನ ನಡುವೆ, ಕಲ್ಲಿನ ಬಸವನ ಬಾಯಿಂದ ವರ್ಷವಿಡೀ ಬೀಳುವ ನೀರೇ ಅಂತರಗಂಗೆ. ಪಟ್ಟಣದಿಂದ ಇಲ್ಲಿಗೆ ಮೂರು ನಾಲ್ಕು ಕಿಲೋಮೀಟರು, ಬೆಂಗಳೂರಿನಿಂದ ಸುಮಾರು 70 ಕಿಲೋಮೀಟರು.

ಜೋಗದಂಥ ಜಲಪಾತಗಳು ಮಲೆನಾಡಿನ ಭಾಗ್ಯ. ಕೋಲಾರವೋ ಬಯಲುಸೀಮೆಯ ಜಿಲ್ಲೆ. ವರ್ಷದ ಮಳೆ ಸರಾಸರಿ 750 ಮಿಲಿಮೀಟರಿನ ಆಸುಪಾಸು, ಅದರಲ್ಲೂ ಹೆಚ್ಚಿನ ಪಾಲು ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳದ್ದು. ವರ್ಷಪೂರ್ತಿ ಹರಿಯುವ ನದಿ ಒಂದೂ ಇಲ್ಲ. ಪಾಲಾರ್ ನದಿ ಪಕ್ಕದ ಚಿಂತಾಮಣಿ ತಾಲ್ಲೂಕಿನಲ್ಲಿ ಹುಟ್ಟಿ, ಜಿಲ್ಲೆಯ ಪೂರ್ವಭಾಗವನ್ನು ಹಾದು, ಬೇತಮಂಗಲದ ಕೆರೆಯನ್ನು ತುಂಬಿಸಿ ಆಂಧ್ರಪ್ರದೇಶಕ್ಕೂ ತಮಿಳುನಾಡಿಗೂ ಸಾಗುತ್ತದೆ. ನಂದಿ ಬೆಟ್ಟದ ಕಡೆಯಿಂದ ಬರುವ ದಕ್ಷಿಣ ಪಿನಾಕಿನಿ ಮಾಲೂರಿನ ಸೀಮೆಯನ್ನು ಮುಟ್ಟುತ್ತದೆ. ಎರಡೂ ಮಳೆಗಾಲದ ಹೊಳೆಗಳೇ. ಹೀಗಾಗಿ ಇಲ್ಲಿನ ಬೇಸಾಯ ತಲೆತಲಾಂತರದಿಂದ ಕೆರೆಗಳನ್ನೇ ನಂಬಿಕೊಂಡು ಬಂದಿದೆ. ಇಂಥ ನೆಲದಲ್ಲಿ ಬಿರುಬೇಸಿಗೆಯಲ್ಲೂ ಹರಿಯುವ ಒಂದು ಸಣ್ಣ ಧಾರೆಗೆ ಗಂಗೆಯ ಹೆಸರು ಬಂದದ್ದು ಸಹಜ.

ಬೆಟ್ಟದ ಬುಡದವರೆಗೆ ವಾಹನಗಳು ಹೋಗುತ್ತವೆ. ಅಲ್ಲಿಂದ ಕಲ್ಲಿನ ಮೆಟ್ಟಿಲುಗಳು ಮರಗಳ ನೆರಳಿನಲ್ಲಿ ಏರುತ್ತವೆ. ಮೆಟ್ಟಿಲು ಮುಗಿಯುವಲ್ಲಿ ಕಾಶಿ ವಿಶ್ವೇಶ್ವರ ದೇವಸ್ಥಾನವೂ ಕಲ್ಲು ಕಟ್ಟಿದ ಕಲ್ಯಾಣಿಯೂ ಇವೆ. ಬಸವನ ಬಾಯಿಂದ ಬಿದ್ದ ನೀರು ಕಲ್ಯಾಣಿಯನ್ನು ಸೇರುತ್ತದೆ. ಬರುವವರು ಮೊದಲು ಧಾರೆಯ ಕೆಳಗೆ ಕೈಯೊಡ್ಡಿ ತೀರ್ಥ ಕುಡಿದು, ತಲೆಗೆ ಪ್ರೋಕ್ಷಿಸಿಕೊಂಡು, ದೇವರ ದರ್ಶನ ಮಾಡುತ್ತಾರೆ. ಬಾಟಲಿ, ಕ್ಯಾನುಗಳಲ್ಲಿ ತುಂಬಿಕೊಂಡು ಮನೆಗೆ ಒಯ್ಯುವುದೂ ಉಂಟು. ನೀರಿನ ಮೂಲ ಯಾರಿಗೂ ಕಾಣದು, ಅದು ಕಾಶಿಯ ಗಂಗೆಯೇ ಎಂಬುದು ಭಕ್ತರ ನಂಬಿಕೆ.

ನೀರು ಬತ್ತದಿರುವುದರ ಗುಟ್ಟು ಬೆಟ್ಟದ ರಚನೆಯಲ್ಲಿದೆ. ಗಟ್ಟಿ ಗ್ರಾನೈಟ್ ಬಂಡೆ ತಾನಾಗಿ ನೀರು ಹೀರುವುದಿಲ್ಲ. ಆದರೆ ಯುಗಯುಗಗಳ ಬಿಸಿಲು ಮಳೆಗೆ ಅದು ಉದ್ದಕ್ಕೂ ಅಡ್ಡಕ್ಕೂ ಸೀಳಿದೆ. ಸೀಳುಗಳ ಅಂಚು ಸವೆದು ಕೆಲವೆಡೆ ದೊಡ್ಡ ಗುಂಡುಗಳು ಉಳಿದಿವೆ, ಕೆಲವೆಡೆ ಕಲ್ಲು ಕರಗಿ ಮರಳುಮಣ್ಣಾಗಿದೆ. ಶತಶೃಂಗದ ನೆತ್ತಿ ಚೂಪಾಗಿಲ್ಲ. ಅಲ್ಲಿ ಹೊಲ, ಕುಂಟೆ, ಹುಲ್ಲುಗಾವಲುಗಳಿರುವ ವಿಶಾಲವಾದ ಹರವು ಇದೆ. ಅಲ್ಲಿ ಸುರಿದ ಮಳೆಯ ಒಂದು ಪಾಲು ಮಣ್ಣಿಗಿಳಿದು, ಬಂಡೆಯ ಬಿರುಕುಗಳಲ್ಲಿ ಸೇರಿ, ನಿಧಾನವಾಗಿ ಕೆಳಕ್ಕೆ ಜಿನುಗುತ್ತದೆ. ಬಿರುಕು ಇಳಿಜಾರಿನಲ್ಲಿ ಬಾಯ್ತೆರೆದ ಕಡೆ ಒರತೆಯಾಗುತ್ತದೆ. ಹಿಂದಿನವರು ಆ ಒರತೆಗೆ ಕಲ್ಲಿನ ಬಸವನ ಮುಖ ಕೂರಿಸಿ, ನೀರು ಚದುರದಂತೆ ಒಂದೇ ಧಾರೆಯಾಗಿ ಬೀಳುವ ಏರ್ಪಾಡು ಮಾಡಿದರು. ಜೋರು ಮಳೆಯ ದಿನಗಳಲ್ಲಿ ಇದಲ್ಲದೆ ಬಂಡೆಗಳ ಸಂದಿನಿಂದ ಅಲ್ಲಲ್ಲಿ ಝರಿಗಳು ಧುಮುಕುತ್ತವೆ. ಮಳೆ ನಿಂತ ಮೇಲೆ ಅವು ಒಣಗುತ್ತವೆ, ಬಸವನ ಬಾಯಿಯ ಧಾರೆ ಮಾತ್ರ ಉಳಿಯುತ್ತದೆ.

ದೇವಸ್ಥಾನದಿಂದ ಮೇಲಕ್ಕೆ ಮೆಟ್ಟಿಲು ಇಲ್ಲ, ಕಾಲುದಾರಿ ಮಾತ್ರ. ಉರುಳಿ ಒಂದರ ಮೇಲೊಂದು ನಿಂತ ಗುಂಡುಗಳ ನಡುವೆ ಗವಿಗಳಾಗಿವೆ. ಕೆಲವನ್ನು ತೆವಳಿಕೊಂಡೇ ದಾಟಬೇಕು. ಚಾರಣಿಗರನ್ನೂ ಬಂಡೆ ಹತ್ತುವವರನ್ನೂ ಇಲ್ಲಿಗೆ ಸೆಳೆಯುವುದು ಈ ಗವಿಗಳೇ. ಸುತ್ತಲಿನದು ಎಲೆಯುದುರುವ ಒಣ ಕಾಡು: ಮುಳ್ಳಿನ ಪೊದೆ, ಸೀತಾಫಲ, ಹೊಂಗೆ, ಬೇವು, ನೀರಿನ ಪಸೆಯಿರುವ ಕಡೆ ಆಲ, ಅತ್ತಿ. ಕೋತಿಗಳು ಹೇರಳ. ಚಿರತೆಯೂ ಈ ಬೆಟ್ಟದಲ್ಲಿ ಆಗಾಗ ಕಾಣಿಸಿಕೊಳ್ಳುತ್ತದೆ.

ಬೆಟ್ಟದ ನೆತ್ತಿಯ ಮೇಲೆ ಏಳು ಹಳ್ಳಿಗಳಿವೆ. ತೇರಹಳ್ಳಿ, ಶಿವಗಂಗೆ ಅವುಗಳಲ್ಲಿ ಹೆಸರಾದವು. ಮಳೆ ನಂಬಿ ರಾಗಿ, ಅವರೆ, ಹುರುಳಿ ಬೆಳೆಯುವ, ದನ ಕುರಿ ಸಾಕುವ ಊರುಗಳಿವು. ಕವಿ, ನಾಟಕಕಾರ ಕೋಟಿಗಾನಹಳ್ಳಿ ರಾಮಯ್ಯ ಮತ್ತು ಸಂಗಡಿಗರು ಕಟ್ಟಿದ ಆದಿಮ ಸಾಂಸ್ಕೃತಿಕ ಕೇಂದ್ರ ಈ ಬೆಟ್ಟದ ಮೇಲೆಯೇ ಇದೆ. ಹುಣ್ಣಿಮೆಯ ರಾತ್ರಿಗಳಲ್ಲಿ ಬಯಲಿನಲ್ಲಿ ನಾಟಕ, ಹಾಡು ನಡೆಸುವ ‘ಹುಣ್ಣಿಮೆ ಹಾಡು’ ಈ ಕೇಂದ್ರವನ್ನು ನಾಡಿಗೆ ಪರಿಚಯಿಸಿತು.

ಕೆಳಗಿನ ಪಟ್ಟಣದ ಚರಿತ್ರೆ ಬಹು ಹಳೆಯದು. ಶಾಸನಗಳು ಕರೆಯುವ ಕುವಲಾಲಪುರ ಇದೇ. ನಾಲ್ಕನೆಯ ಶತಮಾನದಲ್ಲಿ ಗಂಗರು ಇಲ್ಲಿಂದ ಆಳ್ವಿಕೆ ಆರಂಭಿಸಿದರು. ರಾಜಧಾನಿ ತಲಕಾಡಿಗೆ ಹೋದ ಮೇಲೂ ಕುವಲಾಲಪುರವರೇಶ್ವರ ಎಂಬ ಬಿರುದನ್ನು ಬಿಡಲಿಲ್ಲ. ಹನ್ನೊಂದನೆಯ ಶತಮಾನದಲ್ಲಿ ಸೀಮೆ ಚೋಳರ ಕೈಸೇರಿತು. ಕೋಲಾರಮ್ಮನ ದೇವಾಲಯದಲ್ಲಿ ಅವರ ಕಾಲದ ತಮಿಳು ಶಾಸನಗಳಿವೆ. ಸೋಮೇಶ್ವರ ದೇವಾಲಯದ ಗೋಪುರ, ಕಲ್ಯಾಣಮಂಟಪಗಳು ವಿಜಯನಗರ ಕಾಲದ ಶಿಲ್ಪಕ್ಕೆ ಸಾಕ್ಷಿ. ಮುಂದೆ ಸುಗಟೂರಿನ ಪಾಳೆಯಗಾರರು, ಬಿಜಾಪುರದವರು, ಶಹಾಜಿ, ಮೊಗಲರು ಸರದಿಯಂತೆ ಬಂದರು. ಹೈದರಾಲಿಯ ತಂದೆ ಫತೇ ಮಹಮದ್‌ನ ಸಮಾಧಿ ಪಟ್ಟಣದಲ್ಲಿದೆ.

ಬೆಟ್ಟಕ್ಕೂ ಊರಿಗೂ ಪುರಾಣದ ನಂಟೂ ಇದೆ. ಜಮದಗ್ನಿ ರೇಣುಕೆಯರ ಆಶ್ರಮ ಇಲ್ಲಿತ್ತು, ಕಾಮಧೇನುವಿಗೆ ಆಸೆಪಟ್ಟ ಕಾರ್ತವೀರ್ಯಾರ್ಜುನನನ್ನು ಪರಶುರಾಮ ಕೊಂದದ್ದು ಇಲ್ಲಿಯೇ, ಆ ಕಾಳಗದ ಕೋಲಾಹಲದಿಂದಲೇ ಊರಿಗೆ ಹೆಸರು ಬಂತು ಎಂದು ಸ್ಥಳಪುರಾಣ ಹೇಳುತ್ತದೆ. ಮುಳಬಾಗಿಲಿನ ಬಳಿಯ ಆವಣಿ ಬೆಟ್ಟವನ್ನು ಸೀತೆ ಲವಕುಶರನ್ನು ಹೆತ್ತ ಜಾಗವೆಂದು ನಂಬಿರುವಂತೆಯೇ ಇದೂ. ಈ ಸೀಮೆಯಲ್ಲಿ ನೀರಿರುವ ಬೆಟ್ಟಗಳು ಕ್ಷೇತ್ರಗಳಾಗಿವೆ.

ಕಾರ್ತಿಕ ಮಾಸದ ಸೋಮವಾರಗಳಲ್ಲಿ ಅಂತರಗಂಗೆಗೆ ಜನ ಕಿಕ್ಕಿರಿಯುತ್ತಾರೆ. ಕಡೆಯ ಸೋಮವಾರ ಕಡಲೆಕಾಯಿ ಪರಿಷೆ ನಡೆಯುತ್ತದೆ. ಮಳೆ ಬಿದ್ದು ಬೆಟ್ಟ ಹಸಿರಾಗಿ, ಧಾರೆ ತುಂಬಿಕೊಂಡಿರುವ ಕಾಲವೂ ಇದೇ. ಬೆಟ್ಟ ನೋಡಲು ಅಕ್ಟೋಬರಿನಿಂದ ಫೆಬ್ರವರಿವರೆಗಿನ ದಿನಗಳು ಹಿತ. ಮುಂಜಾನೆಯೇ ಹತ್ತಬೇಕು, ಹತ್ತು ಗಂಟೆಯ ಮೇಲೆ ಬಂಡೆ ಕಾಯುತ್ತದೆ. ಗವಿಗಳಿಗೆ ದಾರಿ ಬಲ್ಲ ಸ್ಥಳೀಯರ ಜೊತೆ ಹೋಗುವುದು ಕ್ಷೇಮ. ಕೋತಿಗಳ ಕಾಟದಿಂದ ಕೈಯಲ್ಲಿ ತಿಂಡಿಯ ಚೀಲ ಹಿಡಿಯುವಂತಿಲ್ಲ.

ಇತ್ತೀಚಿನ ದಶಕಗಳಲ್ಲಿ ಜಿಲ್ಲೆಯ ಅಂತರ್ಜಲ ಪಾತಾಳ ಸೇರಿದೆ. ಕೊಳವೆಬಾವಿಗಳು ಸಾವಿರ ಅಡಿ ದಾಟಿವೆ, ಹಲವು ಹಳ್ಳಿಗಳ ನೀರಿನಲ್ಲಿ ಫ್ಲೋರೈಡ್ ಇದೆ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಡಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರನ್ನು ಲಕ್ಷ್ಮೀಸಾಗರ ಕೆರೆಯ ಮೂಲಕ ಜಿಲ್ಲೆಯ ಕೆರೆಗಳಿಗೆ ಹರಿಸಲಾಗುತ್ತಿದೆ. ಅಂತರಗಂಗೆಗೆ ಅಂಥ ಹೊರಗಿನ ಆಸರೆ ಇಲ್ಲ. ನೆತ್ತಿಯ ಮೇಲಿನ ಮಣ್ಣು, ಹುಲ್ಲು, ಮರಗಳು ಮಳೆಯನ್ನು ತಡೆದು ನೆಲಕ್ಕಿಳಿಸಿದಷ್ಟೇ ನೀರು ಕೆಳಗೆ ಬರುತ್ತದೆ. ಬೇಸಿಗೆಯಲ್ಲಿ ಒಣಹುಲ್ಲಿಗೆ ತಗಲುವ ಬೆಂಕಿ, ಮರ ಕಡಿತ, ಬಂಡೆ ಒಡೆಯುವಿಕೆ ಈ ತಡೆಯನ್ನೇ ಕೆಡಿಸುತ್ತವೆ. ಪ್ಲಾಸ್ಟಿಕ್ ಕಸ ನೀರನ್ನು ಹೊಲಸು ಮಾಡುತ್ತದೆ. ತೀರ್ಥವೆಂದು ಕೈಯೊಡ್ಡುವವರು ಆ ತೀರ್ಥವನ್ನು ಹಿಡಿದಿಟ್ಟಿರುವ ಬೆಟ್ಟಕ್ಕೂ ಅದೇ ಭಕ್ತಿ ತೋರಬೇಕು. ಬೆಂಕಿ ಹಚ್ಚದೆ, ಕಸ ಚೆಲ್ಲದೆ, ಒಂದು ಗಿಡವನ್ನೂ ಮುರಿಯದೆ ಇಳಿದು ಬರುವುದು ಅಂತರಗಂಗೆಗೆ ಹೋಗುವ ಪ್ರತಿಯೊಬ್ಬರ ಕರ್ತವ್ಯ.