ಬ್ಯಾಟರ್‌ಸೀಯ ಕೋಣೆ, ಸಾಬರಮತಿಯ ಕರು

ನಮ್ಮ 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೆಯ ಸೆಕ್ಷನ್ ಯಾವ್ಯಾವುದು ಕ್ರೌರ್ಯ ಎಂದು ಉದ್ದಕ್ಕೆ ಹೇಳಿಕೊಂಡು ಹೋಗಿ, ಕೊನೆಯಲ್ಲಿ ಯಾವುದು ಕ್ರೌರ್ಯವಲ್ಲ ಎಂಬುದನ್ನೂ ಹೇಳುತ್ತದೆ. ಬೀದಿನಾಯಿಗಳನ್ನು ‘ಲೀಥಲ್ ಚೇಂಬರ್’ ಎಂಬ ಕೋಣೆಯಲ್ಲಿಟ್ಟು ಕೊಲ್ಲುವುದು ಅಂಥ ವಿನಾಯಿತಿಗಳಲ್ಲಿ ಒಂದು. ಸ್ವಲ್ಪ ಮುಂದಕ್ಕೆ, 13ನೆಯ ಸೆಕ್ಷನ್ನಿಗೆ ಬಂದರೆ ಅಲ್ಲಿರುವುದು ಬೇರೆಯೇ ಸಾವು: ಬದುಕಿಸಿ ಇಡುವುದೇ ಕ್ರೌರ್ಯವಾಗುವಷ್ಟು ಗಾಯಗೊಂಡ, ಜರ್ಜರಿತವಾದ ಪ್ರಾಣಿಗೆ ಕೊಡುವ ಸಾವು. ಮೊದಲನೆಯದು ಊರಿನ ಅನುಕೂಲಕ್ಕೆ, ಎರಡನೆಯದು ಪ್ರಾಣಿಯ ಬಿಡುಗಡೆಗೆ. ಇವತ್ತು ಕ್ಲಿನಿಕ್ಕಿನ ಮೇಜಿನ ಮೇಲೆ ಸಾಕುನಾಯಿಗೋ ಬೆಕ್ಕಿಗೋ ಪಶುವೈದ್ಯರು ಕೊಡುವ ದಯಾಮರಣ ಈ ಎರಡನೆಯದರ ಸಂತಾನ ಎಂದೇ ಎಲ್ಲರೂ ನಂಬಿದ್ದಾರೆ. ಚರಿತ್ರೆ ಹಾಗೆ ಹೇಳುವುದಿಲ್ಲ. ನೋವಿಲ್ಲದೆ ಕೊಲ್ಲುವ ವಿದ್ಯೆ ಬೆಳೆದದ್ದು ಬಹುಪಾಲು ನರಳುವ ಪ್ರಾಣಿಗಾಗಿ ಅಲ್ಲ, ಯಾರಿಗೂ ಬೇಡವಾದ ಪ್ರಾಣಿಗಾಗಿ. ಕರುಣೆ ಆ ವಿದ್ಯೆಯನ್ನು ಆಮೇಲೆ ಎರವಲು ಪಡೆಯಿತು. ಹಾಗಾಗಿ ಸಾವು ನೋವಿಲ್ಲದೆ ಬಂತು ಎನ್ನುವುದಷ್ಟೇ ಅದು ದಯೆಯಿಂದ ಬಂತು ಎನ್ನುವುದಕ್ಕೆ ಸಾಕ್ಷಿಯಾಗಲಾರದು. ಇದು ನನ್ನ ವಾದ.

ಲೀಥಲ್ ಚೇಂಬರ್ ಎಂಬ ಆ ಪದ ನಮ್ಮ ಕಾಯ್ದೆಗೆ ಬಂದದ್ದು ಲಂಡನ್ನಿನ ಕಡೆಯಿಂದ. ಅಲ್ಲಿ 1860ರಲ್ಲಿ ಮೇರಿ ಟೀಲ್ಬಿ ಎಂಬಾಕೆ ಹಾಲೊವೇ ಎಂಬಲ್ಲಿ ದಿಕ್ಕಿಲ್ಲದ ನಾಯಿಗಳಿಗೆ ಒಂದು ಆಶ್ರಯ ತೆರೆದಳು. ಪತ್ರಿಕೆಗಳು ನಕ್ಕವು. 1867ರ ಬೀದಿ ಕಾಯ್ದೆ ಅಲೆಯುವ ನಾಯಿಗಳನ್ನು ಹಿಡಿಯುವ ಅಧಿಕಾರವನ್ನು ಪೊಲೀಸರಿಗೆ ಕೊಟ್ಟ ಮೇಲೆ ಆಶ್ರಯದ ಸ್ವರೂಪವೇ ಬದಲಾಯಿತು. ಹಿಡಿದ ನಾಯಿಗಳೆಲ್ಲ ಅಲ್ಲಿಗೇ ಬರತೊಡಗಿದವು. ಯಾರೂ ಕೇಳಿಕೊಂಡು ಬಾರದವನ್ನು ಕೆಲವೇ ದಿನಗಳಲ್ಲಿ ಮಾರಬೇಕಿತ್ತು, ಇಲ್ಲವೇ ಮುಗಿಸಬೇಕಿತ್ತು. ಆಶ್ರಯ 1871ರಲ್ಲಿ ಬ್ಯಾಟರ್‌ಸೀಗೆ ಸ್ಥಳಾಂತರವಾಯಿತು. ಹುಚ್ಚುನಾಯಿ ರೋಗದ ಭೀತಿ ಹೆಚ್ಚಿದಾಗಲೆಲ್ಲ ಅಲ್ಲಿಗೆ ಬರುವ ನಾಯಿಗಳ ಸಂಖ್ಯೆಯೂ ಹೆಚ್ಚುತ್ತಿತ್ತು. ಈ ಇಕ್ಕಟ್ಟಿಗೆ ಪರಿಹಾರ ಕಂಡುಕೊಟ್ಟವನು ಬೆಂಜಮಿನ್ ವಾರ್ಡ್ ರಿಚರ್ಡ್‌ಸನ್. ಅರಿವಳಿಕೆಯ ಬಗ್ಗೆ ಬಹಳ ಪ್ರಯೋಗ ಮಾಡಿದ್ದ ವೈದ್ಯ ಆತ. 1884ರಲ್ಲಿ ಬ್ಯಾಟರ್‌ಸೀಯಲ್ಲಿ ಅವನ ಕೋಣೆ ಕೆಲಸ ಶುರುಮಾಡಿತು. ಪಂಜರದಲ್ಲಿಟ್ಟ ನಾಯಿಗಳನ್ನು ಒಟ್ಟಾಗಿ ಒಳಗೆ ತಳ್ಳಿ, ಕಾರ್ಬನ್ ಮಾನಾಕ್ಸೈಡ್ ಅನಿಲಕ್ಕೆ ಅರಿವಳಿಕೆಯ ಆವಿ ಬೆರೆಸಿ ಬಿಡಲಾಗುತ್ತಿತ್ತು. ಅದೇ ವರ್ಷದ ಡಿಸೆಂಬರಿನಲ್ಲಿ ಅವನು ಕೆಳಮಟ್ಟದ ಪ್ರಾಣಿಗಳ ಜೀವವನ್ನು ನೋವಿಲ್ಲದೆ ಆರಿಸುವ ಬಗ್ಗೆ ಸೊಸೈಟಿ ಆಫ್ ಆರ್ಟ್ಸ್‌ನಲ್ಲಿ ಪ್ರಬಂಧ ಮಂಡಿಸಿದ. ಇದೇ ರಿಚರ್ಡ್‌ಸನ್ 1876ರಲ್ಲಿ ರೋಗವೇ ಸುಳಿಯದ ಒಂದು ಆದರ್ಶ ನಗರವನ್ನು ಕಲ್ಪಿಸಿ, ಅದಕ್ಕೆ ‘ಹೈಜಿಯಾ’ ಎಂದು ಹೆಸರಿಟ್ಟು ಪುಸ್ತಕ ಬರೆದಿದ್ದ. ಅವನ ಕೋಣೆಯನ್ನು ಆ ನಗರದ ಪಕ್ಕದಲ್ಲಿಟ್ಟೇ ನೋಡಬೇಕು. ಚರಂಡಿ, ಗಾಳಿ, ಬೆಳಕುಗಳ ಬಗ್ಗೆ ತಲೆಕೆಡಿಸಿಕೊಂಡ ನೈರ್ಮಲ್ಯವಾದಿಯ ಕೆಲಸದ ಮುಂದುವರಿಕೆ ಅದು. ಒಳಹೊಕ್ಕ ನಾಯಿಗಳಲ್ಲಿ ಎಷ್ಟೋ ಗಟ್ಟಿಮುಟ್ಟಾಗಿದ್ದವು. ಅವುಗಳಿಗಿದ್ದ ಕಾಯಿಲೆ ಒಂದೇ, ಒಡೆಯನಿಲ್ಲದಿರುವುದು.

ಅಟ್ಲಾಂಟಿಕ್ಕಿನ ಆಚೆ ಕಥೆ ಇನ್ನೂ ಒರಟು. ನ್ಯೂಯಾರ್ಕಿನಲ್ಲಿ ಹಿಡಿದ ನಾಯಿಗಳನ್ನು ಕಬ್ಬಿಣದ ಪಂಜರಕ್ಕೆ ತುಂಬಿ ಈಸ್ಟ್ ನದಿಯಲ್ಲಿ ಮುಳುಗಿಸುತ್ತಿದ್ದರು. 1866ರಲ್ಲಿ ಅಲ್ಲಿ ಪ್ರಾಣಿದಯಾ ಸಂಘ ಕಟ್ಟಿದ ಹೆನ್ರಿ ಬರ್ಗ್ ನಗರಸಭೆಯ ನಾಯಿದೊಡ್ಡಿಯ ಉಸಾಬರಿ ಸಂಘಕ್ಕೆ ಬೇಡ ಎಂದು ಕಡೆಯವರೆಗೂ ದೂರವಿದ್ದ. ಅವನು ತೀರಿಕೊಂಡ ಆರು ವರ್ಷಕ್ಕೆ, 1894ರಲ್ಲಿ, ಸಂಘವೇ ಆ ಕೆಲಸ ವಹಿಸಿಕೊಂಡಿತು. ಅಷ್ಟು ಹೊತ್ತಿಗೆ ಫಿಲಡೆಲ್ಫಿಯಾದಲ್ಲಿ ಕ್ಯಾರೊಲಿನ್ ಅರ್ಲ್ ವೈಟ್ ಮತ್ತು ಆಕೆಯ ಜೊತೆಗಾತಿಯರು ನಾಯಿಗಳಿಗೆ ಆಶ್ರಯ ಕಟ್ಟಿ, ಹೊಡೆದು ಕೊಲ್ಲುವ ಬದಲು ಅನಿಲ ಬಳಸುವ ಪದ್ಧತಿ ತಂದಿದ್ದರು. ಈ ಹೆಂಗಸರ ಮನಸ್ಸು ದೊಡ್ಡದು, ಅನುಮಾನವಿಲ್ಲ. ಆದರೆ ಅವರು ಬದಲಿಸಿದ್ದು ಸಾವಿನ ರೀತಿಯನ್ನು. ಸಾಯಬೇಕಾದ ಕಾರಣವನ್ನು ಬದಲಿಸುವುದು ಅವರ ಕೈಯಲ್ಲಿರಲಿಲ್ಲ.

ಇನ್ನು ಔಷಧಿಯ ಮಾತು. 1903ರಲ್ಲಿ ಜರ್ಮನಿಯ ಎಮಿಲ್ ಫಿಷರ್ ಮತ್ತು ಜೋಸೆಫ್ ಫಾನ್ ಮೇರಿಂಗ್ ಬಾರ್ಬಿಟಾಲ್ ಎಂಬ ನಿದ್ದೆಯ ಔಷಧವನ್ನು ಹೊರತಂದರು. ಅದು ನಿದ್ದೆ ತರಿಸುವ ಬಲವನ್ನು ಅವರು ನಾಯಿಗಳ ಮೇಲೆ ಪರೀಕ್ಷಿಸಿ ತಿಳಿದಿದ್ದರು. 1930ರ ಹೊತ್ತಿಗೆ ಅದೇ ಕುಟುಂಬದ ಪೆಂಟೊಬಾರ್ಬಿಟಾಲ್ ಬಂತು. ಮೊದಲು ಮಿದುಳಿನ ಅರಿವು ಆರುತ್ತದೆ, ಆಮೇಲೆ ಉಸಿರು, ಕೊನೆಗೆ ಹೃದಯ. ಈ ಕ್ರಮವೇ ಅದರ ಹೆಗ್ಗಳಿಕೆ. ಮನುಷ್ಯರ ನಿದ್ದೆಯ ಮಾತ್ರೆಯಾಗಿ ಅದು ಕಾಲಕ್ರಮದಲ್ಲಿ ಹಿಂದೆ ಸರಿದರೂ ಪಶುವೈದ್ಯರ ಬಳಿ ಉಳಿದುಕೊಂಡಿತು. ಆ ದಶಕಗಳಲ್ಲೇ ಪಶುವೈದ್ಯ ವೃತ್ತಿಯೂ ಹೊರಳುತ್ತಿತ್ತು. ಮೋಟಾರು ಬಂದು ಕುದುರೆ ಮರೆಯಾದ ಮೇಲೆ ಪಟ್ಟಣದ ವೈದ್ಯರು ನಾಯಿ ಬೆಕ್ಕುಗಳ ಕಡೆ ತಿರುಗಿದರು. ಅಮೆರಿಕದ ಪ್ರಾಣಿ ಆಸ್ಪತ್ರೆಗಳ ಸಂಘ ಹುಟ್ಟಿದ್ದು 1933ರಲ್ಲಿ. ನಾಯಿ ಈಗ ರೋಗಿಯಾಯಿತು, ಅದಕ್ಕೊಂದು ಹೆಸರು ಬಂತು, ಚೀಟಿ ಬಂತು, ಮೇಜಿನ ಆಚೆ ಕಣ್ಣೊರೆಸಿಕೊಳ್ಳುವ ಒಡೆಯ ಬಂದ. ನೋವಿಲ್ಲದ ಸಾವು ನಗರಸಭೆಯ ದೊಡ್ಡಿಯಿಂದ ಆಸ್ಪತ್ರೆಯ ಕೋಣೆಗೆ ಬಂದದ್ದು ಹೀಗೆ, ಬಹಳ ತಡವಾಗಿ.

ಬಂದ ಮೇಲಾದರೂ ಎರಡು ಸಾವುಗಳು ಬೇರೆಯಾದವೇ? 1939ರ ಲಂಡನ್ ಇಲ್ಲ ಎನ್ನುತ್ತದೆ. ಯುದ್ಧದ ಕಾರ್ಮೋಡ ಕವಿದಿದ್ದ ಆ ಬೇಸಿಗೆಯಲ್ಲಿ ವೈಮಾನಿಕ ದಾಳಿಯಿಂದ ಪ್ರಾಣಿಗಳನ್ನು ಕಾಯಲೆಂದೇ ಒಂದು ಸಮಿತಿ ರಚನೆಯಾಯಿತು. ನಾಯಿ ಬೆಕ್ಕುಗಳನ್ನು ಹಳ್ಳಿಗೆ ಸಾಗಿಸಿ, ನೋಡಿಕೊಳ್ಳುವವರು ಯಾರೂ ಸಿಗದಿದ್ದರೆ ಕೊಲ್ಲಿಸಿಬಿಡುವುದೇ ಹೆಚ್ಚು ದಯೆ ಎಂದು ಅದು ಮನೆಮನೆಗೆ ಸಲಹೆ ಕೊಟ್ಟಿತು. ಸೆಪ್ಟೆಂಬರ್ 3ರಂದು ಯುದ್ಧ ಘೋಷಣೆಯಾಯಿತು. ಪಶುವೈದ್ಯರ ಬಾಗಿಲಲ್ಲಿ ಉದ್ದುದ್ದ ಸಾಲು ನಿಂತಿತು. ಮೊದಲ ವಾರದಲ್ಲೇ ಲಂಡನ್ನಿನಲ್ಲಿ ಸತ್ತ ನಾಯಿ ಬೆಕ್ಕುಗಳು ಸುಮಾರು 4 ಲಕ್ಷ ಎಂದು ಈ ಘಟನೆಯ ಬಗ್ಗೆ ಪುಸ್ತಕ ಬರೆದ ಇತಿಹಾಸಕಾರ್ತಿ ಹಿಲ್ಡಾ ಕೀನ್ ಹೇಳುತ್ತಾರೆ. ಆಗಿನ್ನೂ ಒಂದು ಬಾಂಬೂ ಬಿದ್ದಿರಲಿಲ್ಲ. ಲಂಡನ್ನಿನ ಮೇಲೆ ಬಾಂಬು ಬೀಳಲು ಸುಮಾರು ಒಂದು ವರ್ಷವೇ ಬೇಕಾಯಿತು. ಸರ್ಕಾರ ಯಾರನ್ನೂ ಬಲವಂತ ಮಾಡಿರಲಿಲ್ಲ. ಪ್ರಾಣಿದಯಾ ಸಂಸ್ಥೆಗಳಲ್ಲೇ ಕೆಲವು ತಾಳಿ ಎಂದು ಬೇಡಿಕೊಂಡವು. ತಂದುಕೊಟ್ಟವರಲ್ಲಿ ಹೆಚ್ಚಿನವರು ಪ್ರಾಣಿಯನ್ನು ಪ್ರೀತಿಸುತ್ತಿದ್ದವರೇ. ಸಾವು ಸುಲಭ, ಸುಖಕರ ಎಂಬ ನಂಬಿಕೆ ಅಷ್ಟು ಬೇರೂರಿರದಿದ್ದರೆ ಆ ಸಾಲು ಅಷ್ಟು ಉದ್ದವಾಗುತ್ತಿತ್ತೇ ಎಂಬ ಅನುಮಾನ ನನ್ನದು.

ಈ ಎರಡು ಸಾವುಗಳನ್ನು ಬಿಡಿಸಿ ನೋಡುವ ನೇರ ಪ್ರಯತ್ನ ನಡೆದದ್ದು, ಯಾವ ಪಶುವೈದ್ಯಕೀಯ ಸಂಸ್ಥೆಯಲ್ಲೂ ಅಲ್ಲ, ಅಹಮದಾಬಾದಿನಲ್ಲಿ. ಅದಕ್ಕೆ ಹಿನ್ನೆಲೆಯಾಗಿ ಇಲ್ಲಿ ಬೇರೆ ಥರದ ಒಂದು ಪರಂಪರೆಯಿತ್ತು. 1832ರ ಜೂನ್‌ನಲ್ಲಿ ಮುಂಬೈಯ ಪೊಲೀಸರು ಬೀದಿನಾಯಿಗಳನ್ನು ಕೊಲ್ಲಲು ಹೊರಟಾಗ ಪಾರ್ಸಿಗಳು ಬೀದಿಗಿಳಿದರು, ಅಂಗಡಿಗಳು ಮುಚ್ಚಿದವು, ಗಲಭೆಯಾಯಿತು. ಎರಡು ವರ್ಷದ ನಂತರ ಜಮ್‌ಸೇಟ್‌ಜೀ ಜೀಜೀಭಾಯ್ ಮೊದಲಾದವರು ಮುಂಬೈಯ ಪಾಂಜರಾಪೋಳ ಕಟ್ಟಿದರು. ಕೊಲ್ಲಬಾರದು, ಸಾಕಬೇಕು ಎಂಬುದು ಅಲ್ಲಿನ ಉತ್ತರ. ಇಂಥ ನೆಲದಲ್ಲಿ 1926ರಲ್ಲಿ ಗಿರಣಿ ಮಾಲೀಕ ಅಂಬಾಲಾಲ್ ಸಾರಾಭಾಯಿ ತಮ್ಮ ಗಿರಣಿಯ ಸುತ್ತ ಅಲೆಯುತ್ತಿದ್ದ ಸುಮಾರು 60 ನಾಯಿಗಳನ್ನು ಕೊಲ್ಲಿಸಿದರು. ಗಾಂಧೀಜಿ ಅದನ್ನು ಅನಿವಾರ್ಯ ಎಂದು ಸಮರ್ಥಿಸಿ ‘ಯಂಗ್ ಇಂಡಿಯಾ’ದಲ್ಲಿ ಲೇಖನಮಾಲೆಯನ್ನೇ ಬರೆದರು. ಬೈಗುಳದ ಪತ್ರಗಳು ಬಂದವು. ಅದರಲ್ಲಿ ಹಿಂಸೆ ಇಲ್ಲ ಎಂದು ಅವರು ವಾದಿಸಲಿಲ್ಲ. ಇದ್ದೂ ಬೇರೆ ದಾರಿಯಿಲ್ಲ ಎಂದರು. ಬೀದಿನಾಯಿಗೆ ಒಂದು ತುತ್ತು ಎಸೆದು ಕೈತೊಳೆದುಕೊಳ್ಳುವುದು ದಯೆಯಲ್ಲ ಎಂದರು.

1928ರಲ್ಲಿ ಸಾಬರಮತಿ ಆಶ್ರಮದ ಒಂದು ಕರುವಿನ ಸರದಿ. ಅಂಗವಿಕಲವಾಗಿ ಬಿದ್ದಿತ್ತು, ಮೈಯೆಲ್ಲ ಹುಣ್ಣು, ಚಿಕಿತ್ಸೆ ಕೈಬಿಟ್ಟಿತ್ತು. ಆಶ್ರಮದಲ್ಲಿ ಚರ್ಚೆಯಾಯಿತು. ಕೊಡಲಾರದ ಜೀವವನ್ನು ತೆಗೆಯುವ ಹಕ್ಕು ನಮಗೆಲ್ಲಿದೆ ಎಂಬ ಪ್ರಶ್ನೆಯೂ ಎದ್ದಿತು. ಕಡೆಗೆ ಒಬ್ಬ ಪಾರ್ಸಿ ವೈದ್ಯರು ಇಂಜೆಕ್ಷನ್ ಕೊಟ್ಟರು. ಆ ವರ್ಷದ ಅಕ್ಟೋಬರ್ ಮೊದಲ ವಾರ ಪ್ರಕಟವಾದ ಲೇಖನದಲ್ಲಿ ಗಾಂಧೀಜಿ ಕರುವಿನ ಪ್ರಸಂಗದ ಪಕ್ಕದಲ್ಲೇ ಇನ್ನೊಂದನ್ನು ಇಟ್ಟರು: ಆಶ್ರಮದ ಬೆಳೆ ಹಾಳುಮಾಡುತ್ತಿದ್ದ ಮಂಗಗಳು. ಕರುವನ್ನು ಕೊಂದದ್ದು ಕರುವಿಗಾಗಿ, ಹಾಗಾಗಿ ಅದು ಅಹಿಂಸೆಯಾಗಬಲ್ಲದು. ಮಂಗಗಳನ್ನು ಕೊಂದರೆ ಅದು ನಮಗಾಗಿ, ಹಾಗಾಗಿ ಅದು ಹಿಂಸೆಯೇ. ಎಷ್ಟು ಮೆತ್ತಗೆ ಕೊಂದೆವು ಎಂಬ ಲೆಕ್ಕ ಅಲ್ಲಿ ತೀರ್ಮಾನದ ಲೆಕ್ಕವಲ್ಲ. ನಾಯಿಗಳ ವಿಷಯದಲ್ಲಿ ಎರಡು ವರ್ಷ ಹಿಂದೆ ತಾವು ತೆಗೆದುಕೊಂಡ ನಿಲುವಿಗೂ ಇದು ಅನ್ವಯಿಸುತ್ತದೆ. ಅನಿವಾರ್ಯವಾದದ್ದಕ್ಕೆ ದಯೆಯ ಬಣ್ಣ ಬಳಿಯದೆ ಅನಿವಾರ್ಯ ಎಂದೇ ಕರೆದ ಪ್ರಾಮಾಣಿಕತೆ ಅದು. ಬ್ಯಾಟರ್‌ಸೀಗೆ ಸಾಧ್ಯವಾಗದೆ ಹೋದದ್ದು ಈ ಪ್ರಾಮಾಣಿಕತೆ.

ಇದಕ್ಕೆ ಎದುರುವಾದಗಳಿವೆ. ಮೊದಲನೆಯದು: ನಾಯಿಗೆ ನಮ್ಮ ಉದ್ದೇಶ ಕಟ್ಟಿಕೊಂಡು ಏನಾಗಬೇಕು? ನೋವಾಗದಿದ್ದರೆ ಅದರ ಪಾಲಿಗೆ ಎರಡೂ ಸಾವು ಒಂದೇ. ಸಾಯುವ ಕ್ಷಣದ ಮಟ್ಟಿಗೆ ಇದು ನಿಜ. ಆದರೆ ನರಳುವ ನಾಯಿ ಕಳೆದುಕೊಳ್ಳುವುದು ಕೆಲವು ದಿನಗಳ ಯಾತನೆಯನ್ನು, ಆರೋಗ್ಯವಂತ ನಾಯಿ ಕಳೆದುಕೊಳ್ಳುವುದು ವರ್ಷಗಳ ಬದುಕನ್ನು. ಈ ವ್ಯತ್ಯಾಸ ನಾಯಿಯದು, ನಮ್ಮ ಮನಸ್ಸಿನದಲ್ಲ. ಎರಡನೆಯದು ಬ್ಯಾಟರ್‌ಸೀಯ ಪರವಾದ ವಾದ, ಹೆಚ್ಚು ತೂಕದ್ದು: ಬಿಟ್ಟಿದ್ದರೆ ಆ ನಾಯಿಗಳು ಬೀದಿಯಲ್ಲಿ ಹಸಿದು, ಗಾಲಿಗೆ ಸಿಕ್ಕು, ಕಲ್ಲೇಟು ತಿಂದು ಸಾಯುತ್ತಿರಲಿಲ್ಲವೇ? ಸಾಯುತ್ತಿದ್ದವು, ಹಲವು. ಆದರೆ ಇದು ಇಂದಿನ ನೋವನ್ನು ನಿಲ್ಲಿಸುವ ಮಾತಲ್ಲ, ನಾಳೆಯ ನೋವನ್ನು ಊಹಿಸುವ ಮಾತು. ಅಂಥ ಊಹೆ ಎಷ್ಟು ದುಬಾರಿಯಾಗಬಹುದು ಎಂಬುದು 1939ರ ಸೆಪ್ಟೆಂಬರಿನಲ್ಲಿ ಗೊತ್ತಾಯಿತು. ಊಹೆಯ ಮೇಲೆ ನಿಂತ ದಯೆ ಗಡಿ ದಾಟುವುದೂ ಸುಲಭ. 20ನೆಯ ಶತಮಾನದ ಆರಂಭದಲ್ಲಿ ಲೀಥಲ್ ಚೇಂಬರಿನ ಹೆಸರು ಇಂಗ್ಲೆಂಡಿನ ಸುಶಿಕ್ಷಿತರ ಮಾತಿನಲ್ಲಿ ‘ಅಯೋಗ್ಯ’ ಮನುಷ್ಯರ ಸಂದರ್ಭದಲ್ಲೂ ಕೇಳಿಬರತೊಡಗಿತ್ತು. ಕುದುರೆಯ ಕಾಲು ಮುರಿದಾಗ ಗುಂಡಿಟ್ಟು ಬಿಡುಗಡೆ ಕೊಡುವ ರೂಢಿ ಇವೆಲ್ಲಕ್ಕಿಂತ ಹಳೆಯದಲ್ಲವೇ ಎಂದೂ ಕೇಳಬಹುದು. ಹಳೆಯದೇ. ಆದರೆ ಕುಂಟ ಕುದುರೆ ಕೆಲಸಕ್ಕೂ ಬಾರದು. ನೋವು, ನಷ್ಟ ಅಲ್ಲಿ ಹೆಣೆದುಕೊಂಡಿದ್ದವು, ಬಿಡಿಸುವ ಅಗತ್ಯ ಯಾರಿಗೂ ಬೀಳಲಿಲ್ಲ.

ಮೂರನೆಯ ವಾದ ನಮ್ಮ ಕಡೆಯದೇ. ಕರುಣೆಯಿಂದಲೂ ಕೊಲ್ಲಕೂಡದು ಎಂದು ಜೈನರು ಗಾಂಧೀಜಿಗೆ ಹೇಳಿದರು. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಬಂಡೆಗಳನ್ನು ನೋಡಿದವರಿಗೆ ಇದು ವಿಚಿತ್ರವೆನಿಸಬಹುದು. ಸುಮಾರು ಕ್ರಿ.ಶ. 600ರಿಂದ ಅಲ್ಲಿ ಸಲ್ಲೇಖನ ಕೈಗೊಂಡು ದೇಹ ಬಿಟ್ಟವರ ಶಾಸನಗಳಿವೆ. ಸಾವನ್ನು ಅಷ್ಟು ಗೌರವದಿಂದ ಕಂಡ ಪರಂಪರೆ ಕರುವಿನ ಬಿಡುಗಡೆಯನ್ನು ಏಕೆ ಒಪ್ಪಲಿಲ್ಲ? ಸಲ್ಲೇಖನ ಬಯಸಿದವನು ತಾನೇ ಹಿಡಿಯುವ ವ್ರತ. ಇನ್ನೊಬ್ಬರು ಅದನ್ನು ಹೇರಲಾರರು. ಕರುವಿನ ಒಪ್ಪಿಗೆಯನ್ನು ಕೇಳಿದವರಾರು ಎಂಬುದು ಆ ವಾದದ ತಿರುಳು, ಅದನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ನನ್ನ ಉತ್ತರ ಇಷ್ಟು: ಸಾಕಿದ ಪ್ರಾಣಿಯ ಬದುಕಿನಲ್ಲಿ ಅದರ ಒಪ್ಪಿಗೆಯಿಂದ ನಡೆದದ್ದು ಯಾವುದೂ ಇಲ್ಲ. ಅದರ ಊಟ, ಸರಪಳಿ, ಸಂತಾನ ಎಲ್ಲವನ್ನೂ ತೀರ್ಮಾನಿಸಿದ ಒಡೆಯ ಕೊನೆಯ ನೋವಿನ ಹೊತ್ತಿಗೆ ಮಾತ್ರ ನನಗೆ ಅಧಿಕಾರವಿಲ್ಲ ಎಂದರೆ ಅದು ವಿನಯವಾಗುವುದಿಲ್ಲ. ಆದರೆ ಒಪ್ಪಿಗೆ ಸಿಗದ ಕಡೆ ಕಾರಣದ ಪರೀಕ್ಷೆ ಇಮ್ಮಡಿ ಬಿಗಿಯಾಗಬೇಕು ಎಂಬ ಪಾಠವನ್ನು ಜೈನರ ಆಕ್ಷೇಪದಿಂದ ತೆಗೆದುಕೊಳ್ಳಲೇಬೇಕು.

ಆ ಬಿಗಿತ ನಮ್ಮ ಕಾನೂನಿಗೆ ಬಂದದ್ದು ಬೀದಿನಾಯಿಯ ಮೂಲಕ ಎಂಬುದು ತಮಾಷೆ. 2001ರ ಸಂತಾನ ನಿಯಂತ್ರಣ ನಿಯಮಗಳು ದಯಾಮರಣವನ್ನು ವಾಸಿಯಾಗದ ಕಾಯಿಲೆಯ, ಮಾರಣಾಂತಿಕ ಗಾಯದ ನಾಯಿಗಳಿಗೆ ಸೀಮಿತಗೊಳಿಸಿದವು. ಅರ್ಹ ಪಶುವೈದ್ಯರೇ ಕೊಡಬೇಕು, ಇನ್ನೊಂದು ನಾಯಿಯ ಕಣ್ಣೆದುರು ಕೊಡಬಾರದು ಎಂದವು. 2007ರಲ್ಲಿ ಬೆಂಗಳೂರಿನಲ್ಲಿ ನಾಯಿಗಳ ದಾಳಿಗೆ ಮಕ್ಕಳು ಬಲಿಯಾದಾಗ ಎದ್ದ ಆಕ್ರೋಶ ಈ ಮಿತಿಯನ್ನು ಎಷ್ಟು ಅಲುಗಿಸಿತೆಂದು ಊರಿಗೇ ಗೊತ್ತು. 2023ರ ಹೊಸ ನಿಯಮಗಳಲ್ಲೂ ಮಿತಿ ಉಳಿದಿದೆ. ಒಡೆಯನಿಲ್ಲದ ನಾಯಿಗೆ ಇಷ್ಟು ಕಾವಲು. ಒಡೆಯನಿರುವ ನಾಯಿಗೆ? 1960ರ ಕಾಯ್ದೆಯ 13ನೆಯ ಸೆಕ್ಷನ್ ಊಹಿಸಿಕೊಂಡ ಒಡೆಯ ಕ್ರೌರ್ಯಕ್ಕಾಗಿ ಶಿಕ್ಷೆಗೊಳಗಾದವನು, ಇಲ್ಲವೇ ಸ್ಥಳದಲ್ಲಿಲ್ಲದವನು, ಇಲ್ಲವೇ ನರಳುವ ಪ್ರಾಣಿಯನ್ನು ಕೊಲ್ಲಲು ಒಪ್ಪದವನು. ಮನೆ ಬದಲಿಸುತ್ತಿದ್ದೇವೆ, ಮಗು ಹುಟ್ಟಿದೆ, ನಾಯಿಗೆ ವಯಸ್ಸಾಯಿತು, ಒಂದು ಇಂಜೆಕ್ಷನ್ ಕೊಟ್ಟುಬಿಡಿ ಎಂದು ತಾನಾಗಿಯೇ ಬಂದು ಕೇಳುವ ಒಡೆಯ ಆ ಸೆಕ್ಷನ್ನಿನಲ್ಲಿಲ್ಲ. ಅವನ ಕಾರಣವನ್ನು ತೂಗಿ ನೋಡಿ ಆಗುವುದಿಲ್ಲ ಎನ್ನುವ ಹೊರೆ, ಬಾಗಿಲಾಚೆ ಇನ್ನೂ ಹತ್ತು ರೋಗಿಗಳು ಕಾಯುತ್ತಿರುವ ವೈದ್ಯರೊಬ್ಬರ ಮೇಲೆಯೇ ಬೀಳುತ್ತದೆ.