ಜೀವನವೂ ವಿಷವೂ ಆದ ನೀರು

ನೀರಿಗೆ ಅಮರಕೋಶದಲ್ಲಿ ‘ಜೀವನ’ವೆಂಬ ಹೆಸರುಂಟು. ಅದೇ ಕೋಶವು ‘ವಿಷ’ವೆಂಬ ಶಬ್ದಕ್ಕೂ ನೀರೆಂಬ ಇನ್ನೊಂದು ಅರ್ಥವನ್ನು ಹೇಳುತ್ತದೆ. ಇದೇನು ವಿಪರೀತವೆಂದು ವಿದ್ಯಾರ್ಥಿಗಳು ಕೇಳುವುದುಂಟು. ಕಳೆದ ಎಂಟೊಂಬತ್ತು ದಶಕಗಳ ಚರಿತ್ರೆಯನ್ನು ಬಲ್ಲವರಿಗೆ ಅದು ವಿಪರೀತವೆನಿಸದು. ಅಗಸ್ತ್ಯತೀರ್ಥದ ಮಗ್ಗುಲಲ್ಲಿ ರಾಜಧಾನಿಯನ್ನು ಕಟ್ಟಿದ ಬಾದಾಮಿ ಚಾಲುಕ್ಯರ ನಾಡು ನಮ್ಮದು. ಹುನಗುಂದದ ಸೀಮೆಯಲ್ಲಿ ಮಲಪ್ರಭೆಯು ಕೃಷ್ಣೆಯನ್ನು ಕೂಡುವುದನ್ನು ನಿತ್ಯ ಕಾಣುವವರು ನಾವು. ನೀರಿಲ್ಲದ ಬರಗಾಲದ ಕಥೆ ನಮಗೆ ಬಾಯಿಪಾಠ. ನೀರಿದ್ದೂ ಕೆಟ್ಟ ಕಥೆಯನ್ನು ಮಾತ್ರ ವಾಚಕರು ಈಗ ಅರಿಯಬೇಕಾಗಿದೆ.

ನಮ್ಮ ದೇಹದ ಗ್ರಂಥಿಗಳಿಂದ ಹಾರ್ಮೋನುಗಳೆಂಬ ರಸಗಳು ಸ್ರವಿಸಿ ರಕ್ತದಲ್ಲಿ ಬೆರೆಯುತ್ತವೆ. ಇವು ದೂತರಿದ್ದಂತೆ. ಬೆಳೆಯುವ ಕಾಲ ಯಾವುದು, ಪ್ರಾಯಕ್ಕೆ ಬರುವ ಕಾಲ ಯಾವುದು, ಗರ್ಭ ನಿಲ್ಲುವುದು ಯಾವಾಗ ಎಂಬ ಆಜ್ಞೆಗಳನ್ನು ಅಂಗಾಂಗಗಳಿಗೆ ಒಯ್ಯುತ್ತವೆ. ಮೀನು, ಕಪ್ಪೆ, ಹಕ್ಕಿಗಳಲ್ಲಿಯೂ ಇದೇ ಏರ್ಪಾಡು. 1938ರಲ್ಲಿ ಲಂಡನ್ನಿನ ಚಾರ್ಲ್ಸ್ ಡಾಡ್ಸ್ ಮತ್ತು ಅವರ ಸಹೋದ್ಯೋಗಿಗಳು ಸ್ತ್ರೀ ಹಾರ್ಮೋನಿನ ಕೆಲಸ ಮಾಡುವ ಕೃತಕ ದ್ರವ್ಯವೊಂದನ್ನು ತಯಾರಿಸಿದರು. ಅದೇ ವರ್ಷ ಬರ್ಲಿನ್ನಿನಲ್ಲಿ ಸಿದ್ಧವಾದ ಇನ್ನೊಂದು ದ್ರವ್ಯವು ಮುಂದೆ ಸಂತತಿನಿರೋಧದ ಗುಳಿಗೆಗಳಲ್ಲಿ ಸೇರಿತು. ಔಷಧಿಯಾಗಿ ಇವು ಉಪಕಾರವನ್ನೂ ಮಾಡಿವೆ. ಆದರೆ ದೇಹದಿಂದ ಹೊರಬಿದ್ದ ಅಂಶವು ಚರಂಡಿಯಲ್ಲಿ ಹರಿದು ನದಿಯನ್ನು ಸೇರಿದಾಗ, ಅಲ್ಲಿಯ ಜಲಚರಗಳಿಗೆ ಸುಳ್ಳು ಆಜ್ಞೆಯನ್ನು ಸಾರುತ್ತದೆ.

ಇಳಕಲ್ಲಿನ ನೇಕಾರ ಬಂಧುಗಳಿಗೆ ಮನಮುಟ್ಟುವ ಒಂದು ನಿದರ್ಶನವಿದೆ. ಇಂಗ್ಲೆಂಡಿನ ಏರ್ ನದಿಯ ದಂಡೆಯ ಗಿರಣಿಗಳಲ್ಲಿ ಉಣ್ಣೆಯನ್ನು ತೊಳೆಯಲು ಒಂದು ಬಗೆಯ ಮಾರ್ಜಕವನ್ನು ಬಳಸುತ್ತಿದ್ದರು. ಅದು ನೀರಿನಲ್ಲಿ ಒಡೆದು ಸ್ತ್ರೀ ಹಾರ್ಮೋನಿನಂತೆ ವರ್ತಿಸುವ ದ್ರವ್ಯವಾಗುತ್ತಿತ್ತು. 1990ರ ದಶಕದಲ್ಲಿ ಪರೀಕ್ಷಿಸಿದಾಗ, ಆ ನೀರಿನಲ್ಲಿದ್ದ ಗಂಡು ಮೀನುಗಳ ರಕ್ತದಲ್ಲಿ ಮೊಟ್ಟೆಯ ಹಳದಿಯ ಸಾರ ಕಂಡುಬಂತು. ಕೆನಡಾದ ವಿಜ್ಞಾನಿಗಳು ಇನ್ನೂ ಮುಂದುವರಿದು 2001ರಿಂದ 2003ರವರೆಗೆ ಒಂದು ಸಣ್ಣ ಸರೋವರಕ್ಕೆ ಬೇಸಗೆಯಲ್ಲಿ ಗುಳಿಗೆಯ ಆ ದ್ರವ್ಯವನ್ನೇ ಬೆರೆಸಿ ನೋಡಿದರು. ಪ್ರಮಾಣವೆಷ್ಟು? ಲೀಟರಿಗೆ ಐದಾರು ನ್ಯಾನೋಗ್ರಾಮು. ಒಂದು ಗ್ರಾಮನ್ನು ನೂರು ಕೋಟಿ ಪಾಲು ಮಾಡಿದರೆ ಅದರಲ್ಲಿ ಐದಾರು ಪಾಲು! ಮೀನುಗಳು ಒಮ್ಮೆಲೇ ಸತ್ತು ತೇಲಲಿಲ್ಲ. ಗಂಡುಗಳು ಗಂಡುತನವನ್ನು ಕಳೆದುಕೊಂಡವು. ಮರಿಗಳು ಹುಟ್ಟದೆ, ಒಂದು ಜಾತಿಯ ಚಿಕ್ಕ ಮೀನಿನ ಸಂತತಿ ಸರೋವರದಲ್ಲಿ ಬಹುಮಟ್ಟಿಗೆ ಅಳಿಯಿತು.

ಇದು ಪರದೇಶದ ಮಾತಾಯಿತೆಂದು ಎಣಿಸಬೇಡಿರಿ. ಕಾಸರಗೋಡಿನ ಗಡಿಯ ಪಡ್ರೆ ಕನ್ನಡಿಗರ ಊರು. ಅಲ್ಲಿಯ ಗುಡ್ಡಗಳ ಮೇಲೆ ಕೇರಳ ತೋಟಗಾರಿಕೆ ನಿಗಮದ ಗೇರುತೋಟಗಳಿವೆ. ಗೇರನ್ನು ಹೀರುವ ಸೊಳ್ಳೆಯಂಥ ತಿಗಣೆಯನ್ನು ಕೊಲ್ಲಲು 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನನ್ನು ಸಿಂಪಡಿಸಿದರು. ಮೇಲಿನಿಂದ ಬಿದ್ದದ್ದು ಇಳಿಜಾರಿನ ತೋಡುಗಳಿಗೂ ಬಾವಿಗಳಿಗೂ ಇಳಿಯಿತು. ಅಲ್ಲಿ ಮೊದಲು ಸಾಕ್ಷಿ ನುಡಿದವು ಮೂಕಪ್ರಾಣಿಗಳು. ಕರುಗಳು ಊನವಾಗಿ ಹುಟ್ಟಿದವು. ಜೇನು, ಮೀನು, ಕಪ್ಪೆಗಳು ಕಡಿಮೆಯಾದವೆಂದು ಊರವರು ಹೇಳಿದರು. ಪತ್ರಕರ್ತ ಶ್ರೀ ಪಡ್ರೆಯವರು 1980ರ ದಶಕದ ಆರಂಭದಲ್ಲಿಯೇ ಇದನ್ನು ಬರೆದರು. ಊರಿನ ವೈದ್ಯ ಮೋಹನ ಕುಮಾರರು ರೋಗಿಗಳ ಲೆಕ್ಕವಿಟ್ಟು ಮೇಲಿನವರ ಗಮನಕ್ಕೆ ತಂದರು. ಕೇಳಿದವರು ಕೆಲವರೇ.

ಅಹಮದಾಬಾದಿನ ರಾಷ್ಟ್ರೀಯ ವೃತ್ತಿ ಆರೋಗ್ಯ ಸಂಸ್ಥೆಯವರು ಅಲ್ಲಿಯ 117 ಶಾಲಾ ಬಾಲಕರನ್ನು, ಸಿಂಪಡಣೆಯಿಲ್ಲದ ಊರಿನ 90 ಬಾಲಕರೊಡನೆ ಹೋಲಿಸಿ ನೋಡಿ 2003ರಲ್ಲಿ ವರದಿಯನ್ನು ಪ್ರಕಟಿಸಿದರು: ಆ ಊರಿನ ಬಾಲಕರು ಪ್ರಾಯಕ್ಕೆ ಬರುವುದು ತಡವಾಗುತ್ತಿತ್ತು. ಈ ಸಂಬಂಧವನ್ನು ಒಪ್ಪದ ಸಮಿತಿಗಳೂ ಇದ್ದವು. ಉತ್ಪಾದಕರಂತೂ ಒಪ್ಪಲೇ ಇಲ್ಲ. ಇತ್ತ ಬೆಳ್ತಂಗಡಿಯ ಕೊಕ್ಕಡ, ಪಟ್ರಮೆಗಳ ಸುತ್ತಿನ ಗೇರುತೋಟಗಳಲ್ಲೂ ಇದೇ ಸಿಂಪಡಣೆ ನಡೆದು, ಅಲ್ಲಿಯವರೂ ಇದೇ ಬಗೆಯ ಸಂಕಟವನ್ನು ತೋಡಿಕೊಂಡರು. ಕೊನೆಗೆ 2011ರಲ್ಲಿ ಜಿನೀವಾದಲ್ಲಿ ಸೇರಿದ ರಾಷ್ಟ್ರಗಳು ಎಂಡೋಸಲ್ಫಾನನ್ನು ನಿಷೇಧದ ಪಟ್ಟಿಗೆ ಸೇರಿಸಿದವು. ಅದೇ ವರ್ಷದ ಮೇ ತಿಂಗಳಲ್ಲಿ ನಮ್ಮ ಸರ್ವೋಚ್ಚ ನ್ಯಾಯಾಲಯವೂ ಅದರ ತಯಾರಿಕೆ ಮತ್ತು ಮಾರಾಟವನ್ನು ತಡೆಯಿತು. ಕರುಗಳ ಸಾಕ್ಷಿಗೂ ನ್ಯಾಯಾಲಯದ ಆಜ್ಞೆಗೂ ನಡುವೆ ಮೂವತ್ತು ವರ್ಷಗಳು ಉರುಳಿದ್ದವು.

ಈ ಚರಿತ್ರೆಯ ಪಾಠವೇನು? ಸಾವನ್ನು ಮಾತ್ರ ಎಣಿಸಿದರೆ ವಿಷದ ಲೆಕ್ಕ ಮುಗಿಯದು. ಹುಟ್ಟದೆ ಹೋದ ಮರಿಗಳನ್ನೂ ಎಣಿಸಬೇಕು. ಹಾಗೆಂದು ನಿರಾಶರಾಗಬೇಕಿಲ್ಲ. ಕೆನಡಾದ ಆ ಸರೋವರದಲ್ಲಿ ದ್ರವ್ಯವನ್ನು ಬೆರೆಸುವುದು ನಿಂತ ಕೆಲವು ವರ್ಷಗಳಲ್ಲಿ ಮೀನುಗಳ ಸಂತತಿ ಮತ್ತೆ ತುಂಬಿಕೊಂಡಿತು. ಬಾಗಲಕೋಟೆಯ ಹಿನ್ನೀರಿಗೆ ಚಳಿಗಾಲದಲ್ಲಿ ದೂರದ ಹಕ್ಕಿಗಳು ಬಂದಿಳಿಯುತ್ತವೆ. ಅವು ಉಣ್ಣುವುದು ಆ ನೀರಿನದನ್ನೇ. ಆದಕಾರಣ ಔಷಧಿ ಹೊಡೆದ ಪಂಪನ್ನು ಹಳ್ಳದಲ್ಲಿ ತೊಳೆಯಬೇಡಿರಿ; ಖಾಲಿ ಡಬ್ಬಿಯನ್ನು ಕಾಲುವೆಗೆ ಎಸೆಯಬೇಡಿರಿ; ಮುಗಿಯದ ಗುಳಿಗೆಗಳನ್ನು ಬಚ್ಚಲಿಗೆ ಸುರಿಯಬೇಡಿರಿ. ಕೆರೆಯಲ್ಲಿ ಕಪ್ಪೆಯ ದನಿ ಅಡಗಿದ್ದನ್ನೋ, ಕರು ಊನವಾಗಿ ಹುಟ್ಟಿದ್ದನ್ನೋ ಕಂಡ ರೈತ ಬಂದು ಹೇಳಿದರೆ, ತಿಳಿಯದವನ ಮಾತೆಂದು ತಳ್ಳಿಹಾಕದೆ ಕುಳಿತು ಕೇಳಿರಿ, ಬರೆದಿಡಿರಿ.