ಶಾಲೆಯಲ್ಲಿ ಸಂವಿಧಾನ: ಕಾಸರಗೋಡಿನ ಮಕ್ಕಳಿಗೆ ತಿಳಿದಿರಬೇಕಾದ ವಿಧಿಗಳು

ಪ್ರತಿ ನವೆಂಬರ್ 26ಕ್ಕೆ ಶಾಲೆಗಳಲ್ಲಿ ಸಂವಿಧಾನದ ಪೀಠಿಕೆ ಓದಿಸುತ್ತಾರೆ. ಒಳ್ಳೆಯದೇ. ಆದರೆ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೆ ದಿನಬಳಕೆಗೆ ಬೇಕಾದ ವಿಧಿಗಳು ಬೇರೆಯೂ ಉಂಟು.

1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಅದೇ ವರ್ಷ 7ನೇ ತಿದ್ದುಪಡಿಯಲ್ಲಿ 350ಎ ವಿಧಿ ಬಂತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯುವ ಸೌಕರ್ಯ ಒದಗಿಸಲು ರಾಜ್ಯ ಪ್ರಯತ್ನಿಸಬೇಕು ಎನ್ನುತ್ತದೆ ಅದು. (ಮನೆಯಲ್ಲಿ ಬ್ಯಾರಿ, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ ಮಾತಾಡುವ ನಮ್ಮ ಮಗುವಿನ ಮಾತೃಭಾಷೆ ಯಾವುದು? ತರಗತಿಯಲ್ಲಿ ಕೇಳಿ ನೋಡಬೇಕು.) ಭಾಷೆ, ಲಿಪಿ, ಸಂಸ್ಕೃತಿ ಉಳಿಸಿಕೊಳ್ಳುವ ಹಕ್ಕು 29ನೇ ವಿಧಿಯಲ್ಲಿದೆ. ಧಾರ್ಮಿಕ ಮತ್ತು ಭಾಷಾ ಅಲ್ಪಸಂಖ್ಯಾತರು ಶಾಲೆ ಕಟ್ಟಿ ನಡೆಸುವ ಹಕ್ಕು 30ರಲ್ಲಿ.

ಹೆಚ್ಚು ಉಪಯೋಗಕ್ಕೆ ಬರುವುದು, ಕಡಿಮೆ ಕಲಿಸುವುದು 350ನೇ ವಿಧಿ. ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸರಕಾರಕ್ಕೆ ಅಹವಾಲು ಕೊಡಬಹುದು. ಸಂವಿಧಾನ ಕ್ವಿಜ್‌ನಲ್ಲಿ ಬಹುಮಾನ ಪಡೆದ ಹುಡುಗನೊಬ್ಬ ಒಮ್ಮೆ ನನ್ನ ಅಂಗಡಿಗೆ ಬಂದ. ಕೈಯಲ್ಲಿ ಕನ್ನಡದ ಅರ್ಜಿ. ಒಂದು ಕಚೇರಿಯಲ್ಲಿ "ಮಲಯಾಳದಲ್ಲಿ ಬರೆದು ತಾ" ಅಂದರಂತೆ. ಬರೆದುಕೊಡುವವರು ಯಾರಾದರೂ ಇದ್ದಾರಾ ಅಂತ ಕೇಳಿದ. 350 ಅವನಿಗೂ ಗೊತ್ತಿರಲಿಲ್ಲ, ಆಗ ನನಗೂ ಗೊತ್ತಿರಲಿಲ್ಲ ಮಾರಾಯ್ರೆ!

ಕರ್ತವ್ಯಗಳು 51ಎ ವಿಧಿಯಲ್ಲಿವೆ. 1976ರ 42ನೇ ತಿದ್ದುಪಡಿಯಲ್ಲಿ ಬಂದದ್ದು, ಈಗ ಒಟ್ಟು 11. ಸಾರ್ವಜನಿಕ ಆಸ್ತಿ ಕಾಪಾಡುವುದು, ಧರ್ಮ-ಭಾಷೆ ಮೀರಿದ ಸೋದರಭಾವ, ಪರಿಸರ ರಕ್ಷಣೆ ಅದರಲ್ಲಿ ಸೇರಿವೆ.

ಎರಡನ್ನೂ ಒಟ್ಟಿಗೆ ಕಲಿಸಲು ಶಾಲೆ ಎದುರಿನ ಚರಂಡಿ ಸಾಕು. ಅದಕ್ಕೆ ಪ್ಲಾಸ್ಟಿಕ್ ಬಿಸಾಡದಿರುವುದು ಮಕ್ಕಳ ಪಾಲು. ದುರಸ್ತಿಗೆ ಪಂಚಾಯತ್ ಕಾರ್ಯದರ್ಶಿಗೆ ಕನ್ನಡದಲ್ಲೇ ಅರ್ಜಿ ಬರೆಸಿ, ದಿನಾಂಕ ಹಾಕಿಸಿ, ರಶೀದಿ ಕೇಳಿ ಪಡೆಯಲು ಕಲಿಸುವುದು ಮಾಸ್ಟ್ರ ಪಾಲು.